“ಬೇಕೂಂತಲೇ ನಿಲ್ತಾರೆ”: ಪಾರ್ಕಿನ್ಸನ್ ಗುಂಪು ಚಿಕಿತ್ಸೆಯ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಿವೃತ್ತ ಪ್ರೌಢಶಾಲಾ ಶಿಕ್ಷಕರಾದ 68 ವರ್ಷದ ಶ್ರೀ ಕ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಗೊತ್ತಾಗಿ ಕೆಲವು ವರ್ಷಗಳಾಗಿದ್ದವು. ವಾರಕ್ಕೊಮ್ಮೆ ನಡೆಯುವ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಗುಂಪಿಗೆ ಅವರನ್ನು ಕರೆತರುತ್ತಿದ್ದ ಪತ್ನಿ, ಒಂದು ದಿನ ಆಪ್ತಸಲಹೆಗಾರ್ತಿಯಾದ ನನ್ನೊಡನೆ ಪ್ರತ್ಯೇಕವಾಗಿ ಮಾತನಾಡಬೇಕೆಂದರು. “ಇಲ್ಲಿ ಎಲ್ಲರ ಎದುರಿಗೆ ಚೆನ್ನಾಗಿ ನಡೀತಾರೆ ಮೇಡಂ. ಮನೇಲಿ ಬಚ್ಚಲ ಬಾಗಿಲ ಹತ್ರ ಬಂದ್ರೆ ಕಾಲೇ ಕಿತ್ತಿಡಲ್ಲ. ನನ್ನ ಗೋಳು ಹೊಯ್ಕೊಳ್ಳೋಕೆ ಬೇಕೂಂತಲೇ ನಿಲ್ತಾರೆ” ಎಂಬುದು ಅವರ ದೂರು. ಮುಖ ಗಂಟಿಕ್ಕಿಕೊಂಡೇ ಇರುತ್ತಾರೆ, ಕೇಳಿದ್ದಕ್ಕೆ ಪಿಸುಮಾತಿನಲ್ಲಿ ಉತ್ತರಿಸುತ್ತಾರೆ ಎಂಬ ನೋವೂ ಅದರೊಳಗೆ ಸೇರಿತ್ತು.

ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ಕೋಶಗಳು ನಶಿಸುತ್ತ ಹೋಗುವುದರಿಂದ, ಯೋಚಿಸದೆ ನಡೆಯುತ್ತಿದ್ದ ಚಲನೆಗಳು ತಡವರಿಸುತ್ತವೆ. ಮುಖದ ಸ್ನಾಯುಗಳೂ ಧ್ವನಿಯೂ ಇದಕ್ಕೆ ಹೊರತಲ್ಲ. ಆದರೆ ನೆಲದ ಮೇಲಿನ ಗೆರೆಯನ್ನು ನೋಡಿ ದಾಟುವುದು, ತಾಳಕ್ಕೆ ಹೆಜ್ಜೆ ಹಾಕುವುದು ಬೇರೆ ಬಗೆಯ ಕೆಲಸ. ಅದಕ್ಕೆ ಮನಸ್ಸಿಟ್ಟರೆ, ಅಂಟಿಕೊಂಡಂತೆ ನಿಂತ ಪಾದಗಳು ಎಷ್ಟೋ ಸಲ ಮತ್ತೆ ಏಳುತ್ತವೆ. ಗುಂಪಿನ ಕೊಠಡಿ ವಿಶಾಲವಾಗಿತ್ತು, ನೆಲಕ್ಕೆ ಅಡ್ಡಲಾಗಿ ಬಣ್ಣದ ಟೇಪ್ ಅಂಟಿಸಿತ್ತು, ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಬೆಳಗಿನ ಹನ್ನೊಂದು ಗಂಟೆಗೆ ತರಗತಿ ಇತ್ತು. ಮನೆಯಲ್ಲಿ ಸ್ನಾನವಾಗುತ್ತಿದ್ದುದು ಮೊದಲ ಮಾತ್ರೆಯ ಪರಿಣಾಮ ಇನ್ನೂ ಕಾಣದ ಹೊತ್ತಿನಲ್ಲಿ. ಕಿರಿದಾದ ಬಾಗಿಲು, ಒದ್ದೆ ನೆಲ, ಮೇಲೆ “ಬೇಗ ಬನ್ನಿ” ಎಂದು ಕೈ ಹಿಡಿದೆಳೆಯುವ ಪತ್ನಿ. ಕಾಲು ಹೆಪ್ಪುಗಟ್ಟಲು ಇಷ್ಟು ಸಾಕು.

ಇದನ್ನೆಲ್ಲ ನಾನು ವಿವರಿಸಿದಾಗ ಅವರು ತಲೆಯಾಡಿಸಿದರೇ ಹೊರತು ನಂಬಲಿಲ್ಲ. ಮುಂದಿನ ವಾರ, ಆರೈಕೆ ಮಾಡುವವರಷ್ಟೇ ಕುಳಿತು ಮಾತನಾಡುವ ಅರ್ಧ ಗಂಟೆಯಲ್ಲಿ, ಇನ್ನೊಬ್ಬ ಮಹಿಳೆ “ನಮ್ಮೆಜಮಾನ್ರೂ ಬಾಗಿಲಲ್ಲೇ ನಿಲ್ಲೋದು, ನಾನೂ ಬೈದೇ ಬೈತಿದ್ದೆ” ಎಂದರು. ಅದು ನಾಟಿತು. ಗುಂಪು ಚಿಕಿತ್ಸೆಗೆ ಆರೈಕೆದಾರರೂ ಬರಬೇಕೆಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿಯೇ.

ಅಂದೇ ಶರ್ಟಿನ ಗುಂಡಿ ಹಾಕುವ ಅಭ್ಯಾಸವೂ ಇತ್ತು. ಜೊತೆಗೆ ಬಂದವರು ಕೈಕಟ್ಟಿ ಕೂರಬೇಕೆಂಬುದು ಥೆರಪಿಸ್ಟರ ಷರತ್ತು. ಶ್ರೀ ಕ ಅವರ ಹೆಬ್ಬೆರಳು ಕಾಜದ ಅಂಚಿನಲ್ಲಿ ಜಾರುತ್ತಿದ್ದಾಗ ಪತ್ನಿಯ ಕೈ ತಾನಾಗಿ ಮುಂದೆ ಹೋಯಿತು. “ಬಿಡು, ನಾನೇ ಹಾಕ್ಕೋತೀನಿ” ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿದರು. ಮನೆಯಲ್ಲಿ ಆ ಗುಂಡಿಗಳನ್ನು ಪತ್ನಿಯೇ ಹಾಕುತ್ತಿದ್ದರು. ಹೊತ್ತು ಉಳಿಯುತ್ತಿತ್ತು, ಪತಿಯ ಕೈಗೆ ಕೆಲಸವಿಲ್ಲದಂತಾಗಿತ್ತು.

ದಂಪತಿಗೆ ಕೊಟ್ಟ ಸಲಹೆ ಹೀಗಿತ್ತು: ಸ್ನಾನ, ಉಡುಪು, ವಾಕಿಂಗ್ ಎಲ್ಲವನ್ನೂ ಮಾತ್ರೆ ಹಿಡಿದಿರುವ ಹೊತ್ತಿಗೆ ಇಟ್ಟುಕೊಳ್ಳಿ, ಮಾತ್ರೆಯ ವೇಳೆಯನ್ನು ಮಾತ್ರ ನರರೋಗ ತಜ್ಞರನ್ನು ಕೇಳದೆ ಬದಲಿಸಬೇಡಿ. ಬಚ್ಚಲ ಬಾಗಿಲಿಗೆ ಹೋಗುವ ದಾರಿಯಲ್ಲಿ ಹೆಜ್ಜೆಯಳತೆಗೆ ಟೇಪ್ ಅಂಟಿಸಿ, ಒಳಗೆ ಗೋಡೆಗೆ ಹಿಡಿಕೆ ಹಾಕಿಸಿ. ಕಾಲು ನಿಂತರೆ ಎಳೆಯಬಾರದು. ಪೂರ್ತಿ ನಿಂತು, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹೊರಳಿಸಿ, “ಒಂದು, ಎರಡು” ಎಂದೆಣಿಸಿ ದೊಡ್ಡ ಹೆಜ್ಜೆ ಇಡಲಿ. ಆ ಹೊತ್ತಿನಲ್ಲಿ ಬೇರೆ ಮಾತು ಬೇಡ. ಶರ್ಟನ್ನು ಕುರ್ಚಿಯಲ್ಲಿ ಕುಳಿತು, ಹೆಚ್ಚು ಬಿಗಿಯಾದ ಕೈಯಿಂದ ಮೊದಲು ತೊಡಲಿ. ಕೇಳದ ಹೊರತು ಸಹಾಯ ಮಾಡಬೇಡಿ ಎಂಬ ಮಾತನ್ನು ಪತ್ನಿ ಒಪ್ಪಿಕೊಂಡರು, ಬೀಳುವ ಅಪಾಯವಿದ್ದಾಗ ಬಿಟ್ಟು ಎಂಬ ತಿದ್ದುಪಡಿಯೊಂದಿಗೆ. ಆ ತಿದ್ದುಪಡಿ ಸರಿಯಾಗಿಯೇ ಇತ್ತು.

ಪತ್ನಿಗೆ ನಿದ್ದೆ ಕೆಟ್ಟು ತಿಂಗಳುಗಳಾಗಿದ್ದವು. ಅವರ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಲು ಹೇಳಿ, ಭಾನುವಾರದ ಆರೈಕೆಯನ್ನು ಮಗ ವಹಿಸಿಕೊಳ್ಳುವಂತೆ ಮಾತನಾಡಿಸಿದೆ. ಸುಲಭವಾಗಿ ಒಪ್ಪಲಿಲ್ಲ, ಒಪ್ಪಿದ.

ಇನ್ನು ಬ್ಯಾಂಕಿನ ವಿಚಾರ ಉಳಿದಿದೆ. ಅಕ್ಷರಗಳು ಬರೆಯುತ್ತ ಹೋದಂತೆ ಸಣ್ಣದಾಗುವುದೂ ಈ ಕಾಯಿಲೆಯ ಲಕ್ಷಣವಾದ್ದರಿಂದ ಸಹಿ ಹೊಂದುತ್ತಿಲ್ಲವೆಂದು ಚೆಕ್ ಮರಳಿ ಬಂದಿತ್ತು. ಗೆರೆ ಹಾಕಿದ ಹಾಳೆಯಲ್ಲಿ ದಪ್ಪ ಪೆನ್ನಿನಿಂದ ದೊಡ್ಡದಾಗಿ ಬರೆಯುವ ಅಭ್ಯಾಸ ಗುಂಪಿನಲ್ಲಿ ನಡೆದಿದೆ. ಅದು ಕೈಗೆ ಹತ್ತಿದ ಮೇಲೆ ಸಹಿಯ ಹೊಸ ಮಾದರಿಯನ್ನು ಬ್ಯಾಂಕಿಗೆ ಕೊಟ್ಟು, ಖಾತೆಗೆ ಪತ್ನಿಯ ಹೆಸರನ್ನೂ ಸೇರಿಸಿಕೊಳ್ಳಲು ತಿಳಿಸಿದ್ದೇನೆ.