ಐರನ್ ಕೆಳಗಿಡಿ, ಆ ಚಿಪ್ ಕೆಟ್ಟಿಲ್ಲ

ಸ್ವಾಮಿ, ದಯವಿಟ್ಟು ಸೋಲ್ಡರಿಂಗ್ ಐರನ್ ಕೆಳಗಿಡಿ. ಹಳೆಯ ವಿಡಿಯೊ ಗೇಮ್ ಯಂತ್ರ ಅಟಾರಿ 2600ಕ್ಕೆ ಪ್ಯಾಕ್-ಮ್ಯಾನ್ ಆಟ ಹಾಕಿದರೆ ಅದರ ಭೂತಗಳು ಮಿನುಗುತ್ತವೆ, ಚಿತ್ರ ಮೂಡಿಸುವ ಟಿಐಎ ಚಿಪ್ ಹೋಗಿದೆ, ಭಾನುವಾರ ಕೀಳುತ್ತೇನೆ ಎಂದು ಬರೆದಿದ್ದೀರಲ್ಲ, ಆರು ವರ್ಷದ ಹಿಂದೆ ನಾನೂ ಅದನ್ನೇ ಮಾಡಿದ್ದೆ. ನನ್ನದರಲ್ಲಿ ಚಿಪ್‌ಗೆ ಸಾಕೆಟ್ ಇರಲಿಲ್ಲ. ಕೀಳುವಾಗ ಬೋರ್ಡಿನ ಮೂರು ತಾಮ್ರದ ಟ್ರ್ಯಾಕ್ ಅದರ ಜೊತೆಗೇ ಎದ್ದು ಬಂದವು. ಜಂಪರ್ ವೈರ್ ಹಾಕಿ, ಎರಡು ತಿಂಗಳು ಕಾದು ತರಿಸಿದ ಬೇರೆ ಚಿಪ್ ಕೂರಿಸಿ ನೋಡಿದರೆ, ಭೂತಗಳು ಮೊದಲಿನಂತೆಯೇ ಮಿನುಗುತ್ತಿದ್ದವು!

ಆಟವೇ ಹಾಗಿದೆ. 1977ರಲ್ಲಿ ಬಂದ ಈ ಯಂತ್ರವನ್ನು ರೂಪಿಸಿದ್ದು ಎರಡು ಟ್ಯಾಂಕ್ ಕಾದಾಡುವ, ಚೆಂಡು ಬಡಿಯುವ ಆಟಗಳಿಗೆ. ಟಿಐಎ ಬಲ್ಲ ಚಲಿಸುವ ವಸ್ತುಗಳು ಇಬ್ಬರು ಆಟಗಾರರು, ಎರಡು ಗುಂಡು, ಒಂದು ಚೆಂಡು. ರ‍್ಯಾಮ್ ಬರೀ 128 ಬೈಟ್. 1980ರಲ್ಲಿ ಸ್ಪೇಸ್ ಇನ್ವೇಡರ್ಸ್ ಬಂದಾಗ ಜನ ಆ ಒಂದು ಆಟಕ್ಕಾಗಿ ಯಂತ್ರವನ್ನೇ ಕೊಂಡರು. ಅಲ್ಲಿಗೆ ಕಂಪನಿಯ ತಲೆ ತಿರುಗಿತು. 1982ರಲ್ಲಿ ಪ್ಯಾಕ್-ಮ್ಯಾನ್ ಅನ್ನು 4 ಕೆ (ಕಿಲೋಬೈಟ್) ಕಾರ್ಟ್ರಿಜ್‌ಗೆ ತುರುಕಿ, ನಾಲ್ಕು ಭೂತಗಳನ್ನು ಟಿವಿಯ ಒಂದೊಂದು ಫ್ರೇಮಿಗೆ ಒಂದರಂತೆ ಸರದಿಯ ಮೇಲೆ ತೋರಿಸಿದರು. ನೀವು ನೋಡುತ್ತಿರುವುದು ಆ ಸರದಿಯನ್ನು. ಅಟಾರಿ ಮುಳುಗಿದ್ದಕ್ಕೆ ಎಲ್ಲರೂ ಇ.ಟಿ.ಯನ್ನು ಬೈಯುತ್ತಾರೆ. ಐದು ವಾರದಲ್ಲಿ ಹೊಲಿದ ಆಟ, ಬೈಯಲಿ. ಆದರೆ ಕೊಂಡವರ ನಂಬಿಕೆ ಮುರಿದದ್ದು ಪ್ಯಾಕ್-ಮ್ಯಾನ್‌ನಲ್ಲಿಯೇ ಎನ್ನುವವನು ನಾನು. 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೋದಲ್ಲಿ ಅಟಾರಿ ಹೂತ ಸರಕನ್ನು 2014ರಲ್ಲಿ ಅಗೆದಾಗ ಇ.ಟಿ. ಒಂದೇ ಸಿಗಲಿಲ್ಲ, ಬೇರೆ ಆಟಗಳೂ ಸಿಕ್ಕವು.

ಚಿಪ್ ಪರೀಕ್ಷಿಸಬೇಕೆಂದರೆ ಆಕ್ಟಿವಿಷನ್‌ನ ಪಿಟ್‌ಫಾಲ್ ಆಟ ಹಾಕಿ. ಅದರಲ್ಲಿ ಚಿತ್ರ ಮಿನುಗದೆ ಇದ್ದರೆ ಟಿಐಎ ಗಟ್ಟಿಯಾಗಿದೆ. ಆಕ್ಟಿವಿಷನ್ 1979ರಲ್ಲಿ ಅಟಾರಿ ಬಿಟ್ಟು ಹೊರಬಂದ ಪ್ರೋಗ್ರಾಮರ್‌ಗಳ ಕಂಪನಿ, ಯಂತ್ರದ ಮಿತಿ ಅರಿತವರು. ಅವರ ಕಾರ್ಟ್ರಿಜ್ ಕಣ್ಣು ಮುಚ್ಚಿ ಕೊಳ್ಳಿ. ಭೂತಗಳೇ ಬೇಕೆಂದರೆ 8 ಕೆಯ ಮಿಸ್ ಪ್ಯಾಕ್-ಮ್ಯಾನ್ ಹುಡುಕಿ, ಮಿನುಗು ಕಡಿಮೆ. ಪಿಟ್‌ಫಾಲ್ ಕೂಡ ಕಲಸಿಹೋದರೆ ಮೊದಲು ಕಾರ್ಟ್ರಿಜ್‌ನ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಉಪ್ಪುಕಾಗದ ಮುಟ್ಟಬೇಡಿ, ಮೇಲಿನ ಲೇಪ ಒಮ್ಮೆ ಹೋದರೆ ಹೋಯಿತು.

ಇನ್ನೊಂದು. ನಿಮ್ಮ ಫೋಟೊದಲ್ಲಿ ಅಮೆರಿಕದ ಅಡಾಪ್ಟರ್ ನೇರ ಗೋಡೆಯ ಪ್ಲಗ್ ಪಕ್ಕದಲ್ಲಿದೆ. ಅದು 120 ವೋಲ್ಟ್‌ನದು, ನಮ್ಮ 230ಕ್ಕೆ ಕೊಟ್ಟರೆ ಹೊಗೆಯೇ ಗತಿ. ಇಲ್ಲಿನದೇ 9 ವೋಲ್ಟ್ ಡಿಸಿ, 500 ಮಿಲಿಆಂಪ್ ಅಡಾಪ್ಟರ್ ಸಾಕು, 3.5 ಮಿ.ಮೀ. ಪಿನ್ನಿನ ತುದಿ ಪಾಸಿಟಿವ್ ಇರಬೇಕು, ಮೀಟರ್ ಇಟ್ಟು ನೋಡಿಯೇ ಸಿಕ್ಕಿಸಿ. ಸಿಕ್ಕಿಸುವಾಗ ಗೋಡೆಯ ಸ್ವಿಚ್ ಆರಿಸಿರಲಿ, ಆ ಪಿನ್ ಒಳಹೋಗುವಾಗ ಶಾರ್ಟ್ ಆಗಬಹುದು. ಸಾಲದ್ದಕ್ಕೆ ನಿಮ್ಮದು ಎನ್‌ಟಿಎಸ್‌ಸಿ, ಅಂದರೆ ಅಮೆರಿಕದ ಟಿವಿ ಪದ್ಧತಿಯ ಯಂತ್ರ. ನಮ್ಮ ಪಾಲ್ ಪದ್ಧತಿಯ ಹಳೆಯ ಟಿವಿಯಲ್ಲಿ ಚಿತ್ರ ಉರುಳಿದರೆ, ಧ್ವನಿ ಬರದಿದ್ದರೆ ಅದಕ್ಕೂ ಚಿಪ್ಪನ್ನು ದೂರಬೇಡಿ. ಜಾಯ್‌ಸ್ಟಿಕ್ ಸಡಿಲವಾಗಿದೆ ಎಂದಿರಿ, ಸದ್ಯಕ್ಕೆ ಸೆಗಾ ಜೆನೆಸಿಸ್ ಎಂಬ ಇನ್ನೊಂದು ಗೇಮ್ ಯಂತ್ರದ 9 ಪಿನ್ ಪ್ಯಾಡ್ ಸಿಕ್ಕಿಸಿ. ಬಿ ಗುಂಡಿ ಗುಂಡು ಹಾರಿಸುತ್ತದೆ.