ಪೆಟ್ಟಿಗೆಯ ದೀಪ ಉರಿಯುತ್ತಿದೆ, ಸರ್ವರ್‌ಗೆ ಮಾತ್ರ ಒಂದು ಡಿಸ್ಕೂ ಕಾಣುತ್ತಿಲ್ಲ. ಏನು ಮಾಡಲಿ?

ಹೊಸ ಡಿಸ್ಕ್‌ಗಳಿಗೆ ಆರ್ಡರ್ ಕೊಟ್ಟಿದ್ದರೆ ಮೊದಲು ಅದನ್ನು ರದ್ದು ಮಾಡಿ, ಆಮೇಲೆ ಮುಂದಕ್ಕೆ ಓದಿ.

ನೀವು ಬರೆದಿರುವುದು ಇಷ್ಟು: ಸರ್ವರ್‌ನಲ್ಲಿದ್ದ ಸೆಂಟ್‌ಓಎಸ್ 7 ಎಂಬ ಆಪರೇಟಿಂಗ್ ಸಿಸ್ಟಮ್ ತೆಗೆದು ಅದೇ ಜಾತಿಯ ರಾಕಿ ಲಿನಕ್ಸ್ 8 ಹಾಕಿದಿರಿ. ಹೊರಗಿನ ಡಿಸ್ಕ್‌ಗಳನ್ನು ಸರ್ವರ್‌ಗೆ ಜೋಡಿಸುವ ಎಲ್‌ಎಸ್‌ಐ 9200-8ಇ ಕಾರ್ಡಿನಿಂದ ಹೊರಗಿನ ಪೆಟ್ಟಿಗೆಗೆ ಕೇಬಲ್ ಹೋಗಿದೆ, ಅದರಲ್ಲಿ ಹನ್ನೆರಡು ಡಿಸ್ಕ್‌ಗಳಿವೆ, ದೀಪಗಳೆಲ್ಲ ಹಸಿರು. ಆದರೆ ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಆದೇಶ ಕೊಟ್ಟರೆ ಸರ್ವರ್‌ನ ಒಳಗಿನ ಡಿಸ್ಕ್ ಬಿಟ್ಟು ಬೇರೇನೂ ಇಲ್ಲ. ಹನ್ನೆರಡೂ ಹೋದವೇ ಎಂದು ಕೇಳಿದ್ದೀರಿ.

ಹೋಗಿಲ್ಲ. ಒಂದು ಡಿಸ್ಕ್ ಕೆಡುವುದು ಮಾಮೂಲು, ಎರಡು ಕೆಟ್ಟರೆ ಗ್ರಹಚಾರ. ಹನ್ನೆರಡೂ ಒಂದೇ ದಿನ ಮಾಯವಾದರೆ ಆ ಹನ್ನೆರಡಕ್ಕೂ ಸೇರಿದ ಯಾವುದೋ ಒಂದರಲ್ಲಿ ಎಡವಟ್ಟಾಗಿದೆ ಎಂದೇ ಲೆಕ್ಕ. ಅಂಥವು ನಾಲ್ಕೇ: ಕಾರ್ಡ್, ಅದನ್ನು ಮಾತಾಡಿಸುವ ಡ್ರೈವರ್, ಕೇಬಲ್, ಪೆಟ್ಟಿಗೆಯ ಹಿಂಬದಿಯ ಕಂಟ್ರೋಲರ್. ಪೆಟ್ಟಿಗೆಯ ಹಸಿರು ದೀಪವನ್ನು ನಂಬಬೇಡಿ. ಡಿಸ್ಕ್‌ಗೆ ಕರೆಂಟ್ ಸಿಕ್ಕಿದೆ ಎಂಬುದಷ್ಟೇ ಅದಕ್ಕೆ ಗೊತ್ತು, ಸರ್ವರ್‌ನ ಸಂಗತಿ ಗೊತ್ತಿಲ್ಲ.

ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಡ್ರೈವರ್ ಮೇಲೆ. 9200-8ಇ ಕಾರ್ಡಿನಲ್ಲಿರುವುದು ಎಸ್‌ಎಎಸ್2008 ಚಿಪ್. ರೆಡ್ ಹ್ಯಾಟ್ ಕಂಪನಿ 2019ರಲ್ಲಿ ತನ್ನ ಲಿನಕ್ಸ್‌ನ 8ನೇ ಆವೃತ್ತಿ ಹೊರತಂದಾಗ ಇಂಥ ಕಾರ್ಡುಗಳ ಎಂಪಿಟಿ3ಸ್ಯಾಸ್ ಡ್ರೈವರನ್ನು ಉಳಿಸಿಕೊಂಡು, ಅದರೊಳಗಿನ ಪಟ್ಟಿಯಿಂದ ಈ ಚಿಪ್‌ನ ಗುರುತುಸಂಖ್ಯೆಯನ್ನು ಕಿತ್ತುಹಾಕಿತು. ರಾಕಿ ಅದೇ ಅಚ್ಚಿನಿಂದ ಬಂದದ್ದು. ಹೀಗಾಗಿ ಡ್ರೈವರೂ ಇದೆ, ಕಾರ್ಡೂ ಇದೆ, ಒಂದಕ್ಕೊಂದರ ಪರಿಚಯವಿಲ್ಲ. ಈ ಮೌನವೇ ಕಾಡುವುದು: ಡಿಸ್ಕ್ ಕೆಟ್ಟಿದ್ದರೆ ಲಾಗ್ ತುಂಬ ಕೆಂಪು ಸಾಲುಗಳಿರುತ್ತಿದ್ದವು.

ಪರೀಕ್ಷೆ ಸುಲಭ. ಸರ್ವರ್‌ನ ಕಾರ್ಡುಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಆದೇಶಕ್ಕೆ ಹೈಫನ್ ಕೆ ಸೇರಿಸಿ ಕೊಟ್ಟು ಕಾರ್ಡಿನ ಸಾಲನ್ನು ಹುಡುಕಿ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇಲ್ಲದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಇನ್ನೂ ಖಾತ್ರಿ ಬೇಕಿದ್ದರೆ ಪೆನ್‌ಡ್ರೈವ್‌ನಿಂದ ಡೆಬಿಯನ್ ಲೈವ್ (ಇನ್‌ಸ್ಟಾಲ್ ಮಾಡದೆ ಓಡುವ ಲಿನಕ್ಸ್) ಹಾಕಿ ಸರ್ವರ್ ಎಬ್ಬಿಸಿ. ಅದರ ಕರ್ನಲ್‌ಗೆ, ಎಂದರೆ ಸಿಸ್ಟಮ್‌ನ ತಿರುಳಿಗೆ, ಈ ಚಿಪ್ ಗೊತ್ತು. ಅಲ್ಲಿ ಹನ್ನೆರಡೂ ಕಂಡರೆ ಕಾರ್ಡ್, ಕೇಬಲ್, ಪೆಟ್ಟಿಗೆ ಮೂರರ ಮೇಲಿನ ಅನುಮಾನವೂ ಒಂದೇ ಏಟಿಗೆ ಹೋಯಿತು. ಪರಿಹಾರ ಎಲ್‌ರೆಪೋ ಎಂಬ ಹೊರಗಿನ ಪ್ಯಾಕೇಜ್ ಭಂಡಾರದಲ್ಲಿದೆ: ಕೆಮಾಡ್-ಎಂಪಿಟಿ3ಸ್ಯಾಸ್ ಎಂಬ ಪ್ಯಾಕೇಜ್ ಹಾಕಿ ಸರ್ವರನ್ನು ಮತ್ತೆ ಚಾಲೂ ಮಾಡಿ. ಗುರುತಿಲ್ಲದ ಡ್ರೈವರನ್ನು ತಡೆಯುವ ಸೆಕ್ಯೂರ್ ಬೂಟ್ ಇದ್ದರೆ ಎಲ್‌ರೆಪೋದವರ ಕೀಲಿಯನ್ನೂ ನೋಂದಾಯಿಸಬೇಕು, ಇಲ್ಲವಾದರೆ ಡ್ರೈವರ್ ಒಳಗೆ ಬರುವುದಿಲ್ಲ. ಈ ತಾಪತ್ರಯವೇ ಬೇಡ ಎನ್ನುವುದಾದರೆ ರಾಕಿಯಂಥದ್ದೇ ಆದ ಆಲ್ಮಾಲಿನಕ್ಸ್ 9.4 ನೋಡಿ. ರೆಡ್ ಹ್ಯಾಟ್ ಕೈಬಿಟ್ಟ ಇಂಥ ಹಳೆಯ ಕಾರ್ಡುಗಳನ್ನು ಅವರು ಆ ಆವೃತ್ತಿಯಲ್ಲಿ ಮತ್ತೆ ಸೇರಿಸಿಕೊಂಡರು. ನಾನಾದರೆ ಅದನ್ನೇ ಹಾಕುತ್ತಿದ್ದೆ.

ಡ್ರೈವರ್ ಸರಿಯಾಗಿ ಕೂತಿದ್ದೂ ಡಿಸ್ಕ್ ಇಲ್ಲವೆಂದರೆ ಆಗ ಕೇಬಲ್. ಸಿಸ್ ಡೈರೆಕ್ಟರಿಯ ಕ್ಲಾಸ್ ಒಳಗೆ ಸ್ಯಾಸ್_ಫೈ ಎಂಬ ಫೋಲ್ಡರ್ ಇದೆ. ಒಂದು ಕೇಬಲ್‌ನಲ್ಲಿ ನಾಲ್ಕು ದಾರಿಗಳಿರುತ್ತವೆ, ಪ್ರತಿ ದಾರಿಯ ವೇಗ ಅಲ್ಲಿ ಬರೆದಿರುತ್ತದೆ. ‘6.0 ಗಿಗಾಬಿಟ್’ ಎಂದಿದ್ದರೆ ಸಂಪರ್ಕ ಇದೆ. ಎಲ್ಲ ಕಡೆಯೂ ‘ಅನ್‌ನೋನ್’ ಎಂದಿದ್ದರೆ ಕೇಬಲ್‌ನ ಆಚೆ ಏನಿದೆ ಎಂಬುದೇ ಕಾರ್ಡಿಗೆ ಗೊತ್ತಿಲ್ಲ.

ಇದನ್ನು ನಾನು ಕಲಿತದ್ದು ಒಂದು ರಾತ್ರಿ ಹಾಳುಮಾಡಿಕೊಂಡು. ಮೈಸೂರಿನ ಒಂದು ಕಚೇರಿ, ಇದೇ ಲಕ್ಷಣ. ನಾನು ಏನೂ ನೋಡದೆ ಡಿಸ್ಕ್‌ಗಳ ಮೇಲೆ ಬಿದ್ದೆ. ಹನ್ನೆರಡನ್ನೂ ಎಳೆದು, ಒರೆಸಿ, ಮತ್ತೆ ತುರುಕಿದೆ. ಎರಡು ಸಲ. ಯಾವುದು ಯಾವ ಗೂಡಿನದೆಂದು ಗುರುತು ಹಾಕಿರಲಿಲ್ಲ. ಹತ್ತು ಗಂಟೆಗೆ ಕಾವಲುಗಾರ ಬಂದು ‘ಸಾರ್, ಬೀಗ ಹಾಕಬೇಕು’ ಎಂದ. ಐದು ನಿಮಿಷ ಎಂದು ರ‍್ಯಾಕ್‌ನ ಹಿಂದೆ ಮೊಬೈಲ್ ಬೆಳಕು ಹಿಡಿದು ಕುಕ್ಕರುಗಾಲಿನಲ್ಲಿ ಕೂತು, ಸುಮ್ಮನೆ ಹೆಬ್ಬೆರಳಿನಿಂದ ಕೇಬಲ್‌ನ ಪ್ಲಗ್ ಒತ್ತಿದೆ. ‘ಟಕ್’ ಎಂದಿತು. ಅಲ್ಲಿಯವರೆಗೆ ಕಣ್ಣಿಗೆ ಪೂರ್ತಿ ಕೂತಂತೆಯೇ ಕಾಣುತ್ತಿದ್ದ ಪ್ಲಗ್, ಕೊಂಡಿ ಮಾತ್ರ ಸಿಕ್ಕಿರಲಿಲ್ಲ. ಲಾಗ್‌ನಲ್ಲಿ ಡಿಸ್ಕ್‌ಗಳು ಒಂದೊಂದಾಗಿ ಇಳಿದವು. ಗೂಡು ಅದಲುಬದಲಾಗಿದ್ದರೂ ಅದು ಹಲವು ಡಿಸ್ಕ್‌ಗಳನ್ನು ಒಂದಾಗಿ ಸೇರಿಸುವ ಲಿನಕ್ಸ್‌ನ ಎಂಡಿ ರೈಡ್ ಆಗಿದ್ದುದರಿಂದ ಬಚಾವಾದೆ, ತನ್ನ ಜಾಗ ಯಾವುದೆಂದು ಪ್ರತಿ ಡಿಸ್ಕ್ ತನ್ನ ಮೇಲೇ ಬರೆದುಕೊಂಡಿರುತ್ತದೆ. ಅಂದಿನಿಂದ ಟೇಪ್ ಅಂಟಿಸಿ ಅಂಕಿ ಬರೆಯದೆ ನಾನು ಡಿಸ್ಕ್ ಮುಟ್ಟುವುದಿಲ್ಲ.

ಪೆಟ್ಟಿಗೆಯ ಕಡೆ ‘ಇನ್’, ‘ಔಟ್’ ಎಂದು ಎರಡು ಕಿಂಡಿಗಳಿದ್ದರೆ ಸರ್ವರ್‌ನ ಕೇಬಲ್ ‘ಇನ್’ಗೆ ಹೋಗಬೇಕು.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಡಿಸ್ಕ್ ಪಟ್ಟಿಯಲ್ಲಿದ್ದೂ ಗಾತ್ರ ಸೊನ್ನೆ ಎಂದು ತೋರಿಸಿದರೆ, ಅದು ದೊಡ್ಡ ಸ್ಟೋರೇಜ್ ಯಂತ್ರದಿಂದ ಕಳಚಿದ ಸೆಕೆಂಡ್‌ಹ್ಯಾಂಡ್ ಡಿಸ್ಕ್ ಇರಬಹುದು. ಅದರ ಸೆಕ್ಟರ್ (ಡಿಸ್ಕ್ ಒಮ್ಮೆಗೆ ಬರೆಯುವ ಸಣ್ಣ ತುಂಡು) 512ರ ಬದಲು 520 ಬೈಟ್ ಇರುತ್ತದೆ. ಎಸ್‌ಜಿ_ಫಾರ್ಮ್ಯಾಟ್ ಎಂಬ ಆದೇಶದಿಂದ ಸರಿಪಡಿಸಬಹುದು, ಆದರೆ ಅದರಲ್ಲಿದ್ದದ್ದೆಲ್ಲ ಹೋಗುತ್ತದೆ.

ಫಾರ್ಮ್ಯಾಟ್ ಎಂದಾಗ ನೆನಪಾಯಿತು. ಡ್ರೈವರ್ ಹಾಕಿದ ಮೇಲೆ ಡಿಸ್ಕ್‌ಗಳು ಕಂಡರೂ ಹಳೆಯ ವಾಲ್ಯೂಮ್ ತಕ್ಷಣ ಕಾಣದಿದ್ದರೆ, ಹೊಸದಾಗಿ ‘ಕ್ರಿಯೇಟ್’ ಮಾಡುವ ಯಾವ ಆದೇಶವನ್ನೂ ಕೊಡಬೇಡಿ. ನಿಮ್ಮದೂ ಎಂಡಿ ರೈಡ್ ಆಗಿದ್ದರೆ ಅದನ್ನು ನಡೆಸುವ ಎಂಡಿಎಡಿಎಂ ಆದೇಶಕ್ಕೆ ಅಸೆಂಬಲ್ ಮತ್ತು ಸ್ಕ್ಯಾನ್ ಎರಡೂ ಆಯ್ಕೆ ಸೇರಿಸಿ ಕೊಡಿ, ಮೊದಲ ಸಲ ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ನಾಲ್ಕು ಕಡತ ತೆರೆದು ನೋಡಿ. ಸರಿಯಿದ್ದರೆ ಸರ್ವರ್ ಏಳುವಾಗ ಏನೇನು ಮೌಂಟ್ ಆಗಬೇಕೆಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಈ ವಾಲ್ಯೂಮ್‌ನ ಸಾಲಿಗೆ ‘ನೋಫೇಲ್’ ಸೇರಿಸಿಬಿಡಿ. ಕರೆಂಟ್ ಹೋಗಿಬಂದ ದಿನ ಪೆಟ್ಟಿಗೆಗಿಂತ ಸರ್ವರ್ ಮೊದಲು ಎದ್ದರೂ ಅರ್ಧದಲ್ಲೇ ನಿಂತು ನಿಮ್ಮನ್ನು ಕರೆಯುವುದಿಲ್ಲ. ಕೈಯಾರೆ ಚಾಲೂ ಮಾಡುವಾಗ ಮಾತ್ರ ಯಾವಾಗಲೂ ಪೆಟ್ಟಿಗೆ ಮೊದಲು, ಅದರ ಡಿಸ್ಕ್‌ಗಳು ತಿರುಗಿ ಸದ್ದು ಒಂದು ಹದಕ್ಕೆ ಬಂದ ಮೇಲೆ ಸರ್ವರ್.