ಮರು: ತಮ್ಮನಿಗೆ ಕಿವಿ ಕೇಳಿಸುವುದಿಲ್ಲ, ಹೋಟೆಲ್ ಕೆಲಸದ ಆಸೆ ಬಿಡಬೇಕಾ?

ದಯವಿಟ್ಟು ಬಿಡಿಸಬೇಡಿ. ಮೂರು ಹೋಟೆಲಿನವರೂ ‘ಗಿರಾಕಿಗಳಿಗೆ ಕಷ್ಟ ಆಗುತ್ತೆ’ ಎಂದು ವಾಪಸ್ ಕಳಿಸಿದರು ಅಂತ ಬರೆದಿದ್ದೀರಿ. ಅದು ಗಿರಾಕಿಗಳ ಮಾತಲ್ಲ, ಮಾಲೀಕರ ಅಳುಕು. ನಾನು ಹನ್ನೆರಡು ವರ್ಷ ಹೋಟೆಲ್ ಅಡುಗೆಮನೆಯಲ್ಲಿ ದುಡಿದವನು. ನಮ್ಮಲ್ಲೂ ಕಿವಿ ಕೇಳಿಸದ ಹುಡುಗನೊಬ್ಬ ಬಂದಾಗ ಮೊದಲು ಯಾರೂ ಒಪ್ಪಿರಲಿಲ್ಲ. ಆಮೇಲೆ ನಾವು ಮಾಡಿದ್ದು ಇಷ್ಟೇ: ಆರ್ಡರ್ ಕೂಗುವ ಬದಲು ಚೀಟಿ ಬರೆದು ಅವನ ಕಣ್ಣೆದುರಿಗೆ ಸಿಕ್ಕಿಸಿದೆವು, ಬಿಸಿ ಪಾತ್ರೆ ಹಿಡಿದು ಅವನ ಹಿಂದಿನಿಂದ ಹೋಗುವಾಗ ಭುಜ ಮುಟ್ಟುವುದನ್ನು ರೂಢಿ ಮಾಡಿಕೊಂಡೆವು. ಚೀಟಿ ಬಂದ ಮೇಲೆ ಎಲ್ಲರ ತಪ್ಪೂ ಕಡಿಮೆಯಾಯಿತು.

ಲೆಮನ್ ಟ್ರೀ ಹೋಟೆಲಿನವರು 2007ರಿಂದಲೇ ಕಿವಿ ಕೇಳಿಸದವರನ್ನು ತೆಗೆದುಕೊಳ್ಳುತ್ತಿದ್ದಾರೆ. ಅಂಗವಿಕಲರೇ ನಡೆಸುವ ಮಿಟ್ಟಿ ಕೆಫೆ 2017ರಲ್ಲಿ ಶುರುವಾಗಿದ್ದು ನಮ್ಮ ಹುಬ್ಬಳ್ಳಿಯಲ್ಲೇ, 2023ರಲ್ಲಿ ಸುಪ್ರೀಂ ಕೋರ್ಟ್ ಆವರಣಕ್ಕೂ ಹೋಯಿತು. ಮೊದಲು ಇಲ್ಲೆಲ್ಲ ವಿಚಾರಿಸಿ.

ಕಾನೂನಿನ ವಿಷಯ ನೇರವಾಗಿ ಹೇಳಿಬಿಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಶೇ. 4 ಮೀಸಲಾತಿ ಸರ್ಕಾರಿ ಕೆಲಸಕ್ಕೆ, ಖಾಸಗಿ ಹೋಟೆಲಿಗೆ ಅಲ್ಲ. ಆದರೆ 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಖಾಸಗಿ ಸಂಸ್ಥೆ ಸಮಾನ ಅವಕಾಶ ನೀತಿ ಪ್ರಕಟಿಸಬೇಕು, ಅಂಗವಿಕಲರಿಗೆ ಯಾವ ಹುದ್ದೆ ಹೊಂದುತ್ತದೆ ಅಂತ ಅದರಲ್ಲಿ ಬರೆದಿರಬೇಕು. ಮುಂದಿನ ಸಂದರ್ಶನದಲ್ಲಿ ಅದನ್ನು ತೋರಿಸಿ ಎಂದು ಕೇಳಿ. ಸುಮ್ನೆ ತಲೆ ತಗ್ಗಿಸಿ ಬರಬೇಡಿ, ಹುಡುಗ ಓದಿದ್ದಾನೆ ಅಲ್ವಾ? ಒಂದು ವಾರ ಕೆಲಸ ಮಾಡಿಸಿ ನೋಡಿ ಅನ್ನಿ.

ತಮ್ಮ ಯಾವ ಊರಲ್ಲಿದ್ದಾನೆ, ಅವನಿಗೆ ಇಷ್ಟ ಅಡುಗೆಮನೆಯಾ ಸರ್ವಿಸ್ಸಾ ಅಂತ ತಿಳಿಸಿ, ನನಗೆ ಪರಿಚಯ ಇರುವ ಕಡೆ ಮಾತಾಡುತ್ತೇನೆ.